ಹಳದಿ ಸ್ವೆಟರಿನ ಮಝಾನ್ನಾ

ಚಳಿಗಾಲವನ್ನು ಸಾಗಹಾಕುವುದೆಂದರೆ ನಮ್ಮಲ್ಲಿ ಒಂದು ಗೊಂಬೆ ಮಾಡಿ ಹೊಳೆಗೆ ತಳ್ಳುವುದು. ಗೊಂಬೆಯ ಹೆಸರು ಮಝಾನ್ನಾ. ಚಳಿಯೂ ಅವಳೇ, ಸಾವೂ ಅವಳೇ. ಇಂಥವಳನ್ನು ಮೂರು ವರ್ಷ ತುಂಬದ ಮಕ್ಕಳ ಕೈಯಲ್ಲಿ ಮಾಡಿಸುತ್ತೇವೆ, ಯಾರಿಗೂ ವಿಚಿತ್ರ ಅನಿಸುವುದಿಲ್ಲ. ಆ ಮಾರ್ಚಿನವರೆಗೆ ನನಗೂ ಅನಿಸಿರಲಿಲ್ಲ.

ಸಾನ್ ನದಿಯ ದಡದ ಶಿಶುವಿಹಾರದಲ್ಲಿ ಮಕ್ಕಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅಂಗಡಿಯಿಂದ ಬಣ್ಣದ ಕಾಗದ ಕೊಂಡು ತರುವ ಅಪ್ಪಅಮ್ಮಂದಿರನ್ನು ಕಂಡರೆ ನನಗಾಗದು. ಮನೆಯಲ್ಲಿ ಬಿಸಾಡುವುದನ್ನೇ ಕಳಿಸಿ ಎಂದು ಮುಲಾಜಿಲ್ಲದೆ ಹೇಳಿದ್ದೆ. ಹಾಲಿನ ರಟ್ಟಿನ ಡಬ್ಬ, ಹರಿದ ಕಾಲುಚೀಲ, ಮೊಟ್ಟೆಯ ಟ್ರೇ ಎಲ್ಲ ಬಂದವು. ಡಬ್ಬಗಳನ್ನು ಒಂದಕ್ಕೊಂದು ಅಂಟಿಸಿದರೆ ಮೈ, ಕಾಲುಚೀಲಕ್ಕೆ ಚಿಂದಿ ತುಂಬಿದರೆ ತಲೆ. ಮಕ್ಕಳು ಡಬ್ಬಕ್ಕಿಂತ ಹೆಚ್ಚು ಗೋಂದನ್ನು ತಲೆಗೂದಲಿಗೇ ಬಳಿದುಕೊಂಡರು. ಮೆಲ್ಕಾ ಎಂಬವಳು ಮಾತ್ರ ನಾಲಿಗೆ ಹೊರಗೆ ಚಾಚಿಕೊಂಡು, ತನ್ನ ಡಬ್ಬ ಅಂಟುವವರೆಗೂ ಬಿಡದೆ ಒತ್ತಿ ಹಿಡಿದು ಕೂತಿದ್ದಳು.

ಗೊಂಬೆಗೆ ಬಟ್ಟೆಯೊಂದು ಬಾಕಿ ಇತ್ತು. ಮೆಲ್ಕಾಳ ಅಜ್ಜಿ ಗೆನೋವೆಫಾ ಒಂದು ಹಳದಿ ಸ್ವೆಟರ್ ತಂದುಕೊಟ್ಟರು. ಇನ್ನೂ ಚೆನ್ನಾಗಿದೆಯಲ್ಲ ಎಂದೆ. ನಮಗೆ ಬೇಡ, ತೊಡಿಸು ಎಂದು ಹೊರಟೇಹೋದರು. ತೊಡಿಸಿ ಗುಂಡಿ ಹಾಕಿದೆ. ಮೆಲ್ಕಾ ಹತ್ತಿರ ಬಂದು ಅದರ ತೋಳಿಗೆ ಮೂಗು ಒತ್ತಿದಳು.

"ಅಮ್ಮ ಬಂದ್ಳು," ಅಂದಳು.

ಸ್ವೆಟರ್ ಯಾರದೆಂದು ನನಗೆ ಆಗ ಹೊಳೆಯಿತು. ಅವಳ ಅಮ್ಮ ಇರ್ಮಿನಾ ಹಿಂದಿನ ಶರತ್ಕಾಲದಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು. ಅಮ್ಮ ಸಮುದ್ರದ ಕಡೆ ಕೆಲಸಕ್ಕೆ ಹೋಗಿದ್ದಾಳೆ ಎಂದು ಅಪ್ಪ ರಾದೆಕ್ ಮಗುವಿಗೆ ಹೇಳಿದ್ದ. ಯಾರೂ ಬಾಯಿ ಬಿಡಕೂಡದು ಎಂದು ನಮಗೆಲ್ಲ ತಾಕೀತು ಮಾಡಿದ್ದ. ಎಷ್ಟು ದಿನ ಮುಚ್ಚಿಡುತ್ತೀಯ ಎಂದು ನಾನು ಜಗಳವಾಡಿದ್ದೂ ಆಗಿತ್ತು. ಅವನು ಕೇಳುವ ಸ್ಥಿತಿಯಲ್ಲಿರಲಿಲ್ಲ.

ಅಂದಿನಿಂದ ಮಧ್ಯಾಹ್ನದ ನಿದ್ದೆಗೆ ಮೆಲ್ಕಾ ತನ್ನ ಹಾಸಿಗೆಯನ್ನು ಗೊಂಬೆಯ ಕಾಲಬುಡಕ್ಕೆ ಎಳೆದುಕೊಳ್ಳತೊಡಗಿದಳು. ಮಲಗಿಕೊಂಡೇ ಏನೋ ಪಿಸುಗುಟ್ಟುವಳು. ಸುಮ್ಮನಾಗಿ ಕೇಳಿಸಿಕೊಳ್ಳುವಳು. ತಲೆಯಾಡಿಸಿ ಮತ್ತೆ ಪಿಸುಗುಟ್ಟುವಳು. ಬೆಳಿಗ್ಗೆ ಕಿಟಕಿಯ ಕಡೆಗಿದ್ದ ಗೊಂಬೆಯ ತಲೆ ಮಕ್ಕಳು ಏಳುವ ಹೊತ್ತಿಗೆ ಅವಳ ಕಡೆ ವಾಲಿರುತ್ತಿತ್ತು. ಒಳಗಿನ ಚಿಂದಿ ಜಾರಿರಬೇಕು ಎಂದುಕೊಂಡು ನೆಟ್ಟಗೆ ಮಾಡುತ್ತಿದ್ದೆ. ಮಾರನೆಯ ದಿನ ಮತ್ತೆ ಹಾಗೇ. ನನಗೆ ಹೆದರಿಕೆಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಗೇಟಿನ ಹತ್ತಿರ ಗೆನೋವೆಫಾರನ್ನು ತಡೆದು, ಮಾಡಬಾರದ್ದನ್ನು ಮಾಡಿದಿರಿ ಎಂದು ದಬಾಯಿಸಿದೆ. ಆಕೆ ಜಗ್ಗಲಿಲ್ಲ.

"ಸಾವು ನಮ್ಮನೆ ಬಿಟ್ಟು ಹೋಗ್ತಾನೇ ಇಲ್ಲ ಬೋಗ್ನಾ. ಮಗು ಚಳಿಗಾಲ ಪೂರ್ತಿ ಕೆಮ್ತು. ಇರ್ಮಿನಾ ಬಟ್ಟೆ ಹಾಕ್ಕೊಂಡು ಮಝಾನ್ನಾ ಹೊಳೆಗೆ ಹೋದ್ರೆ ಇವಳಾದ್ರೂ ಉಳೀತಾಳೆ. ಈಗ ಬಿಚ್ಚಿದ್ಯೋ, ಸಾವು ಸೀದಾ ನಮ್ಮನೆಗೇ ವಾಪಸ್ ಬರುತ್ತೆ."

ಎಂಥ ಮೂಢತನ ಎಂದು ಬೈದುಕೊಳ್ಳುತ್ತ ಒಳಗೆ ಬಂದೆ, ಸ್ವೆಟರಿನ ಮೊದಲ ಗುಂಡಿಗೆ ಕೈಯಿಟ್ಟೆ. ಬಿಚ್ಚಲು ಆಗಲಿಲ್ಲ. ನಾನೂ ಇದೇ ಹೊಳೆಯ ದಡದಲ್ಲಿ ಬೆಳೆದವಳು. ಕೊನೆಗೆ ರಾದೆಕ್‌ಗೆ ಫೋನ್ ಮಾಡಿದೆ. ನಿನ್ನ ಮಗಳ ಕಣ್ಣೆದುರೇ ನಾಳೆ ಅವಳ ಅಮ್ಮನನ್ನು ಹೊಳೆಗೆ ಹಾಕುತ್ತಾರೆ, ಬಂದು ಏನು ಮಾಡುತ್ತೀಯೋ ಮಾಡು ಎಂದೆ.

ಮಾರನೆಯ ದಿನ ಮಕ್ಕಳು ಪಾತ್ರೆ ಬಡಿಯುತ್ತ ದಡಕ್ಕೆ ಬಂದರು. ಮೆಲ್ಕಾ ಗೊಂಬೆಯ ತೋಳನ್ನು ತಬ್ಬಿ ಹಿಡಿದಿದ್ದಳು. ಯಾರಾದರೂ ಹತ್ತಿರ ಹೋದರೆ ಇನ್ನೂ ಬಿಗಿಯಾಗಿ ಅಪ್ಪಿಕೊಳ್ಳುತ್ತಿದ್ದಳು, ಅಳುತ್ತಿರಲಿಲ್ಲ. ರಾದೆಕ್ ಬಂದ. ಸ್ವೆಟರ್ ಕಂಡು ಅಲ್ಲೇ ನಿಂತ. ಆಮೇಲೆ ಮಣ್ಣಿನಲ್ಲಿ ಮಂಡಿಯೂರಿ ಒಂದೊಂದೇ ಗುಂಡಿ ಬಿಚ್ಚಿದ. ಅವನ ತಾಯಿ ಗೆನೋವೆಫಾ ಶಿಲುಬೆಯ ಗುರುತು ಮಾಡಿಕೊಂಡು ಮುಖ ತಿರುಗಿಸಿದರು.

ಒಳಗೆ ಹಾಲಿನ ಡಬ್ಬಗಳು. ಮೆಲ್ಕಾ ಕಣ್ಣರಳಿಸಿ ನೋಡಿದಳು, ಒಂದರ ಮೇಲೆ ಬೆರಳಿಟ್ಟಳು.

"ಇದು ನಾನು ಅಂಟ್ಸಿದ್ದು."

"ಹೂಂ, ನೀನೇ. ಇದು ಅಮ್ಮ ಅಲ್ಲ ಪುಟ್ಟಾ," ಅಂದ ರಾದೆಕ್.

ಮೆಲ್ಕಾ ತಾನೇ ಎರಡೂ ಕೈಯಿಂದ ಗೊಂಬೆಯನ್ನು ನೀರಿಗೆ ನೂಕಿದಳು. ಸ್ವೆಟರ್ ಅಪ್ಪನ ಕೈಯಲ್ಲೇ ಉಳಿಯಿತು.

ಮಝಾನ್ನಾಳನ್ನು ಕಳಿಸಿದ ಮೇಲೆ ತಿರುಗಿ ನೋಡಬಾರದು. ಎಲ್ಲರೂ ತಲೆ ತಗ್ಗಿಸಿ ನಡೆಯುತ್ತಿದ್ದೆವು. ದಾರಿಯ ನಡುವೆ ರಾದೆಕ್ ನಿಂತು, ಮಗಳ ಎದುರು ಕುಕ್ಕರುಗಾಲಲ್ಲಿ ಕೂತ.

"ಅಮ್ಮ ಸಮುದ್ರದ ಕಡೆ ಹೋಗಿಲ್ಲ ಪುಟ್ಟಾ. ಅಮ್ಮ ಸತ್ತು ಹೋದ್ಳು."

ಮೆಲ್ಕಾ ಅವನ ಕೆನ್ನೆ ಸವರಿದಳು.

"ನಂಗೊತ್ತು. ಅಮ್ಮನೇ ಹೇಳಿದ್ಳು. ಅಪ್ಪಂಗೆ ಹೇಳ್ಬೇಡ, ಅಳ್ತಾನೆ ಅಂದ್ಳು."