ಗಂಟಿಲ್ಲದ ದಾರ

“ಒಳಗೆ ಏನಾದ್ರೂ ಸಿಕ್ಕಿದ್ರೆ ನನ್ನ ಕೈಗೇ ಕೊಡಿ,” ಎಂದ ಗಿರಾಕಿ, ಬಿಳಿ ಚೀಲವನ್ನು ಕೌಂಟರಿನ ಮೇಲಿಟ್ಟು. “ಹೆಂಡತಿದು. ಹಿಡಿ ಕಿತ್ತೋಗಿದೆ. ಭಾನುವಾರ ಪಾರ್ಟಿಗೆ ಬೇಕು. ಆಮೇಲೆ ಮತ್ತೆ ನನ್ನ ಬೀರುವಿಗೆ. ಇಷ್ಟು ದುಬಾರಿದನ್ನ ದಿನಾ ಅವಳ ಕೈಗೆ ಕೊಡಕ್ಕಾಗುತ್ತಾ?”

“ಖಂಡಿತ ಸಾರ್. ಚೀಟಿ ಯಾರ ಹೆಸರಲ್ಲಿದ್ಯೋ, ಸಿಕ್ಕಿದ್ದೆಲ್ಲ ಅವರಿಗೇ,” ಎಂದು ಅಂಗಡಿಯ ಯಜಮಾನರು ಗೋಡೆಯ ಮೇಲಿನ ನಿಯಮ ತೋರಿಸಿದರು.

ಹಿಂದಿನ ಕೋಣೆಯಲ್ಲಿ ಕೂತು ರಿಪೇರಿ ಮಾಡುವವಳು ಯಜಮಾನರ ತಮ್ಮನ ಹೆಂಡತಿ. ಗಂಡ ತೀರಿಕೊಂಡ ಮೇಲೆ ಭಾವ ತೋರಿಸಿದ ಮೂಲೆ ಅದು, ಹನ್ನೊಂದು ವರ್ಷವಾಯಿತು. ಕಿಟಕಿ ಇಲ್ಲ. ಎಲ್ಲರ ಬಾಯಲ್ಲೂ ಅವಳು ಸೂಜಿಯಕ್ಕ.

ಚೀಲ ನೋಡಿಯೇ ಒಡತಿಯ ಜಾತಕ ಹೇಳುವವಳು. ಕಂಪನಿಯ ಹೆಸರು ಹೊರಗೆ ಕಾಣುವಂತೆ ನೇತುಹಾಕಿಕೊಳ್ಳುವವಳು ನೆಂಟರ ಹೊಟ್ಟೆ ಉರಿಸಲೆಂದೇ ಕೊಂಡವಳು. ಹೆಸರೇ ಇಲ್ಲದ ಮೆತ್ತನೆ ಚರ್ಮದ ಚೀಲ ತರುವವಳು ಹುಟ್ಟಾ ಸಿರಿವಂತೆ. ಚೌಕಾಸಿಗೆ ನಿಲ್ಲುವವಳೂ ಅವಳೇ. ಮೂಟೆಯಂಥ ಚೀಲದವಳು ಮನೆಮಂದಿಯ ಮಾತ್ರೆ, ಚಾರ್ಜರು, ಕೊಡೆ ಎಲ್ಲ ಹೊರುವವಳು. “ನೀನು ಪೊಲೀಸ್ ಆಗ್ಬೇಕಿತ್ತಮ್ಮ,” ಎಂದು ಭಾವ ನಗುತ್ತಿದ್ದರು. ಅವಳದೇ ಚೀಲ ಮೊಳೆಗೆ ತೂಗುತ್ತಿತ್ತು. ಉಳಿದ ಲೈನಿಂಗ್ ಬಟ್ಟೆಯಲ್ಲಿ ಹೊಲಿದದ್ದು, ಒಳಗೆ ಊಟದ ಡಬ್ಬಿ. ಬಚ್ಚಿಡುವಂಥದ್ದೇನೂ ಇಲ್ಲವೆಂದು ಅದಕ್ಕೆ ಒಂದು ಜೇಬನ್ನೂ ಇಟ್ಟಿರಲಿಲ್ಲ.

ಬಿಳಿ ಚೀಲ ನೋಡಿ ಅವಳಿಗೆ ಸಿಟ್ಟು ಬಂತು. ಅಂಗೈಯಗಲ, ರಟ್ಟಿನಂತೆ ಬಿಗಿ, ಕೂದಲೆಳೆಯಷ್ಟು ಕೊಳೆಯೂ ಎದ್ದು ಕಾಣುವ ಬಣ್ಣ. ಕೈಬೀಸಿ ನಡೆಯುವ ಹೆಂಗಸು ತಾನಾಗಿ ಆರಿಸುವಂಥದ್ದಲ್ಲ. ಗಂಡ ಆರಿಸಿದ್ದು; ಹೆಂಡತಿ ಹೇಗೆ ಕಾಣಬೇಕೆಂದು ಆರಿಸಿದ್ದು.

ಹಿಡಿ ಕೂರಿಸಲು ಕಿರುಬೆರಳುದ್ದದ ಕೊಕ್ಕೆಯಿಂದ ಲೈನಿಂಗಿನ ಹೊಲಿಗೆ ಬಿಚ್ಚಿದಳು. ತಳದಲ್ಲಿ ಬೇರೆ ಬಣ್ಣದ ದಾರ. ಉದ್ದುದ್ದ ಕಚ್ಚಾ ಹೊಲಿಗೆ, ತುದಿಗೆ ಗಂಟೂ ಇಲ್ಲ. ಒಳಗೆ ಮಡಚಿದ ಕಾಗದ. ದೂರದ ಊರಿನ ಶಾಲೆಯೊಂದರ ನೇಮಕದ ಪತ್ರ: ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಹಾಜರಾಗಬೇಕು, ಮೂಲಪತ್ರ ತರದಿದ್ದರೆ ಸೇರಿಸಿಕೊಳ್ಳುವುದಿಲ್ಲ. ಮನೆಯಲ್ಲಿ ಎಲ್ಲೆಲ್ಲಿ ಹುಡುಕಿದರೂ ಗಂಡ ತಾನೇ ಕೊಡಿಸಿದ ಚೀಲದ ಹೊಲಿಗೆ ಬಿಚ್ಚಿ ನೋಡಲಾರ ಎಂದು ಇಲ್ಲಿಟ್ಟಿರಬೇಕು.

ನಿಯಮದ ಪ್ರಕಾರ ಅದು ಅವನ ಕೈ ಸೇರಬೇಕು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಸೂಜಿಯಕ್ಕ ಭಾವನ ಮಾತು ಮೀರಿ ಕಾಗದವನ್ನು ಇದ್ದಲ್ಲೇ ಇಟ್ಟಳು. ‘ಪಾಪ, ಹೊಲಿಗೆ ಬಾರದ ಕೈ’ ಎಂದುಕೊಂಡು ಹಳೆಯ ದಾರ ಎಸೆದು, ಮೇಣ ತಿಕ್ಕಿದ ಎರಡೆಳೆಯಲ್ಲಿ ಒತ್ತೊತ್ತಾಗಿ ಹೊಲಿದು ಮೂರು ಗಂಟು ಹಾಕಿದಳು. ಮನಸ್ಸು ಹಗುರಾಯಿತು.

ಶನಿವಾರ ಗಂಡಹೆಂಡಿರಿಬ್ಬರೂ ಬಂದರು. ಹಿಡಿ ತೋರಿಸಲು ಭಾವ ಅವಳನ್ನು ಹೊರಗೆ ಕರೆದರು.

“ಏನಾದ್ರೂ ಸಿಕ್ತಾ?” ಎಂದ ಗಂಡ.

“ಒಂದು ಹೇರ್‌ಪಿನ್ನು, ಅಷ್ಟೇ.”

“ನೋಡ್ಕೋ,” ಎಂದು ಅವನು ಚೀಲವನ್ನು ಹೆಂಡತಿಯತ್ತ ತಳ್ಳಿದ. ಅವಳು ಹಿಡಿಯನ್ನು ನೋಡಲೇ ಇಲ್ಲ. ಕೈ ತಳಕ್ಕೆ ಇಳಿಯಿತು. ಬೆರಳು ಏನನ್ನೋ ಹುಡುಕಿತು, ಉಗುರು ಕೆರೆಯಿತು, ಮತ್ತೆ ಹುಡುಕಿತು. ಮುಖ ಬಿಳಿಚಿಕೊಂಡಿತು.

ಆಗ ಸೂಜಿಯಕ್ಕನಿಗೆ ಹೊಳೆಯಿತು. ಅದು ಬಾರದ ಕೈಯ ಹೊಲಿಗೆಯಲ್ಲ. ಪಾರ್ಟಿಯಲ್ಲಿ ಕೈ ತೊಳೆಯಲು ಹೋದ ಎರಡು ನಿಮಿಷದಲ್ಲಿ, ತುದಿ ಹಿಡಿದು ಎಳೆದರೆ ಸರ್ರನೆ ಬಿಚ್ಚಿಕೊಳ್ಳಲೆಂದು ಗಂಟು ಹಾಕದೆ ಬಿಟ್ಟ ದಾರ. ಮೂರು ಗಂಟು ಹಾಕಿದವಳು ತಾನು.

“ಕೊಡಿ, ಸ್ವಲ್ಪ ಕೆಲಸ ಬಾಕಿ ಇದೆ. ಐದೇ ನಿಮಿಷ,” ಎಂದಳು.

“ಮುಗಿದಿದೆಯಲ್ಲಮ್ಮ, ಸುಮ್ನೆ ಯಾಕೆ? ಅವರಿಗೆ ಹೊತ್ತಾಗುತ್ತೆ,” ಎಂದರು ಭಾವ.

“ಹಾಗಾದ್ರೆ ಧೂಳಾದ್ರೂ ಒರೆಸಿ ಕೊಡ್ತೀನಿ.”

ಒಳಗೆ ಹೋಗಿ ಬಟ್ಟೆಯೊಂದನ್ನು ಮುಷ್ಟಿಯಲ್ಲಿ ಮುದುರಿ ತಂದಳು. ಚೀಲದ ಹೊರಗೆ ಒರೆಸಿದಳು, ಒಳಗೆ ಒರೆಸಿದಳು, ಮುಚ್ಚಳ ಒತ್ತಿ ಹೆಂಡತಿಯ ಕೈಗೇ ಇಟ್ಟಳು.

“ತಳದ ಹೊಲಿಗೆ ಗಟ್ಟಿ ಮಾಡ್ಬಿಟ್ಟಿದ್ದೀನಿ ತಾಯಿ. ನನ್ನದೇ ತಪ್ಪು.”

“ಗಟ್ಟಿ ಇದ್ರೆ ಒಳ್ಳೇದೇ ಅಲ್ವಾ?” ಗಂಡ ನಕ್ಕ. ಹೆಂಡತಿ ಒಂದು ಕ್ಷಣ ಸೂಜಿಯಕ್ಕನ ಮುಖವನ್ನೇ ನೋಡಿದಳು. ಬಾಗಿಲ ಗಂಟೆ ಟಿಣ್ಣೆಂದಿತು, ಹೋದರು.

ಸ್ವಲ್ಪ ಹೊತ್ತಿಗೆ ಭಾವ ಇನ್ನೊಂದು ಚೀಲ ತಂದಿಟ್ಟರು. “ಹೊಲಿಗೆ ಬಿಚ್ಚೋ ಕೊಕ್ಕೆ ಎಲ್ಲಮ್ಮ?”

“ಎಲ್ಲೋ ಬಿತ್ತು ಭಾವ.”

ಅವರು ಗೊಣಗುತ್ತ ಹೋದ ಮೇಲೆ ಅವಳು ಉಗುರಿನಿಂದಲೇ ಅದರ ಹೊಲಿಗೆ ಕೆರೆಯತೊಡಗಿದಳು. ಬಾಗಿಲ ಗಂಟೆ ಆದಾಗಲೆಲ್ಲ ಕೈ ನಿಲ್ಲುತ್ತಿತ್ತು. ಆರನೆಯ ಹೊಲಿಗೆಗೆ ಉಗುರು ಮುರಿಯಿತು. ಏಳನೆಯದು ಬಿಚ್ಚಿಕೊಂಡಿತು.