ಅಂಗೈಗಳ ಹಿಂದೆ

ಹೊಳೆ ಇನ್ನೂ ಮನುಷ್ಯರ ಜೊತೆ ಮಾತಾಡುತ್ತಿದ್ದ ಕಾಲದಲ್ಲಿ, ಕೃಷ್ಣೆಯ ದಂಡೆಯ ಊರೊಂದರಲ್ಲಿ ಒಬ್ಬ ಹುಡುಗಿ ಇದ್ದಳು. ಕಣ್ಣು ಮುಚ್ಚಿಕೊಂಡರೆ ಸಾಕು, ಅವಳು ಯಾರಿಗೂ ಕಾಣಿಸುತ್ತಿರಲಿಲ್ಲ. ಒಂದು ದಿನ ರಾಕ್ಷಸ ಬಂದ. ಹುಡುಗಿ ಕಣ್ಣು ಮುಚ್ಚಿದಳು. ರಾಕ್ಷಸ ಮನೆಯೆಲ್ಲ ಹುಡುಕಿದ, ಗಡಿಗೆಗಳಲ್ಲಿ ಮೂಗು ತೂರಿಸಿ ಮೂಸಿದ, ಬೇಸತ್ತು ಹೊರಟುಹೋದ. ಆದರೆ ಅವನು ಹೋದದ್ದು ಹುಡುಗಿಗೆ ಗೊತ್ತಾಗುವುದು ಹೇಗೆ? ನೋಡಬೇಕೆಂದರೆ ಕಣ್ಣು ತೆರೆಯಬೇಕು. ತೆರೆದರೆ ಕಾಣಿಸಿಬಿಡುತ್ತಾಳೆ. ಅದಕ್ಕೇ ಅವಳು ಹಾಗೇ ಕೂತಳು, ಕೂತೇ ಇದ್ದಳು—

“ಮುಂದ?” ಎಂದಿತು ಮಗು.

ಮುಂದಿನದು ನೀಲಮಳಿಗೆ ಗೊತ್ತಿರಲಿಲ್ಲ. ಈ ಕಥೆ ಹೇಳುತ್ತಿದ್ದ ಅಜ್ಜಿ ದುಂಡವ್ವ ಪ್ರತಿ ಸಲವೂ ಇಲ್ಲಿಗೆ ಬರುವಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದಳು. ಅಲುಗಾಡಿಸಿ ಎಬ್ಬಿಸಿದರೆ, ಮುಂದಿನದು ನಾಳೆ ಎನ್ನುತ್ತಿದ್ದಳು. ಈಗ ಅಜ್ಜಿ ನಡುಮನೆಯ ಗೋಡೆಯ ಮೇಲೆ ಫೋಟೋ ಆಗಿದ್ದಳು. ಅದರ ಪಕ್ಕದ ಫೋಟೋ ನೀಲಮಳ ಅಕ್ಕ ಸಪನಾಳದು.

“ಮುಂದ ಬಾಯಿ ತಗಿ,” ಎಂದು ನೀಲಮ ಹಾಲಿನಲ್ಲಿ ನೆನೆದ ಭಕ್ರಿಯ ತುತ್ತನ್ನು ಸ್ವರಾಳ ಬಾಯಿಗಿಟ್ಟಳು.

ಸ್ವರಾ ಸಪನಾಳ ಮಗಳು. ಅವಳಿಗೆ ಹಲ್ಲು ಮೂಡುವ ಮೊದಲೇ, ಜ್ವರವೆಂದು ಮಿರಜಿನ ಆಸ್ಪತ್ರೆಗೆ ಹೋದ ಸಪನಾ ನಡೆದುಕೊಂಡು ವಾಪಸು ಬರಲಿಲ್ಲ. ಕೂಸು ಉಗಾರ ಬುದ್ರುಕದ ಈ ತವರುಮನೆಗೆ ಬಂತು. ಚಿಕ್ಕೋಡಿಯ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಿದ್ದ ನೀಲಮ, ಸ್ವಲ್ಪ ದಿನದ ಮಟ್ಟಿಗೆ ಎಂದುಕೊಂಡು ಕೆಲಸ ಬಿಟ್ಟಳು. ಆ ಸ್ವಲ್ಪ ದಿನ ಇವತ್ತು ಮುಗಿಯುವುದಿತ್ತು.

ಇವತ್ತು ಜಾವಳ. ಸ್ವರಾಳನ್ನು ಸೋದರಮಾವನ ತೊಡೆಯ ಮೇಲೆ ಕೂರಿಸಿ, ಹುಟ್ಟಿದಾಗಿನಿಂದ ಕತ್ತರಿ ಕಾಣದ ಅವಳ ಕೂದಲನ್ನು ತೆಗೆಸುತ್ತಾರೆ. ಆಮೇಲೆ ಊಟ. ಊಟವಾದ ಮೇಲೆ ಅವಳ ಅಪ್ಪ ಅವಳನ್ನು ತನ್ನೂರು ಭೋಜಕ್ಕೆ ಕರೆದುಕೊಂಡು ಹೋಗುತ್ತಾನೆ. ಅವನು ಹೋದ ತಿಂಗಳು ಇನ್ನೊಂದು ಮದುವೆಯಾಗಿದ್ದ.

ನೀಲಮಳ ತಾಯಿ ಅಕ್ಕುತಾಯಿ ಬೆಳಿಗ್ಗೆಯಿಂದ ಹೋಳಿಗೆಯ ಹೂರಣದಲ್ಲಿ ಮುಳುಗಿದ್ದಳು. ದಸರೆಯಲ್ಲಿ ಒಮ್ಮೆ ಕೂಸನ್ನು ಕಳಿಸಲು ನೋಡಿದ್ದರು. ಚಿಕ್ಕೋಡಿ ದಾಟುವತನಕ ಅದು ಒಂದೇ ಸಮನೆ ಅತ್ತು, ವಾಂತಿ ಮಾಡಿಕೊಂಡು, ಮೈ ಕಾದದ್ದಕ್ಕೆ ಗಾಡಿ ತಿರುಗಿಸಿಕೊಂಡು ಬರಬೇಕಾಗಿತ್ತು. ಅದನ್ನು ನೆನೆದೇ ಅವಳು ಒಲೆಯ ಮುಂದಿನಿಂದ ತಲೆ ಎತ್ತದೆ ಹೇಳಿದಳು:

“ಜಾವಳದ ದಿನಾ ಕೂಸು ಅಳಕೋತ ಹೊಸ್ತಲಾ ದಾಟಬಾರದವಾ. ನಿನ್ನ ಮಾತಷ್ಟಾ ಕೇಳತೈತಿ ಅದು.”

“ಅಳಿಸದಂಗ ಕಳಿಸ್ತೀನಿ ತಗೋ.”

“ನಿಜ?”

“ಹೂಂ ಅಂದ್ನಲಾ.”

ಪರೀಕ್ಷೆಯ ಮೇಲ್ವಿಚಾರಣೆಗೆ ಒಪ್ಪಿಕೊಂಡಂತಿತ್ತು ನೀಲಮಳ ದನಿ.

ಮನೆಯಲ್ಲಿ ಮಗುವಿನ ಜೊತೆ ಕಳೆಯುವ ದಿನವನ್ನು ಯಾವ ಸಮೀಕರಣದಲ್ಲೂ ಹಿಡಿಯಲಾಗದು ಎಂದು ನೀಲಮ ಬಹಳ ಹಿಂದೆಯೇ ತೀರ್ಮಾನಿಸಿದ್ದಳು. ಡಬ್ಬಿಯ ಶೇಂಗಾ ಪರಾತಕ್ಕೆ, ಪರಾತದ ಶೇಂಗಾ ಡಬ್ಬಿಗೆ. ಒಂದು ಲೋಟದ ನೀರು ಇನ್ನೊಂದಕ್ಕೆ. ಯಾರ ಚಪ್ಪಲಿ ಯಾರದು. ಕಬ್ಬಿನ ಟ್ರ್ಯಾಕ್ಟರು ಬಂದರೆ ಬಾಗಿಲಿಗೆ ಓಡುವುದು, ಹೋದರೆ ಟಾಟಾ ಮಾಡುವುದು. ಇಷ್ಟೆಲ್ಲ ಆಗಿ ಗಡಿಯಾರ ನೋಡಿದರೆ ಮುಳ್ಳು ಕದಲಿರುತ್ತಿರಲಿಲ್ಲ. ಎಷ್ಟೋ ಮಧ್ಯಾಹ್ನ ಅವಳು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು ಸುಮ್ಮನೆ ನಿಂತಿದ್ದಳು. ಹೊರಗಿನಿಂದ ಪುಟ್ಟ ಅಂಗೈಯೊಂದು ಬಾಗಿಲು ಬಡಿದು ಚಿಕ್ಕಮ್ಮನನ್ನು ಕರೆಯುತ್ತಿತ್ತು. ಮಾಶಿ. ಮಾಶಿ. ಮಾಶಿ.

ಕಣ್ಣು ಮುಚ್ಚುವ ಆಟ ಹುಟ್ಟಿದ್ದೂ ಬೇಸರದಲ್ಲೇ. ನೀಲಮಳ ಬಾಯಲ್ಲಿ ಅಜ್ಜಿಯ ಕಥೆ ಕೇಳಿದ ಸ್ವರಾ ಒಂದು ದಿನ ಅಂಗೈಗಳಿಂದ ಕಣ್ಣು ಮುಚ್ಚಿಕೊಂಡು, ತಾನು ಈಗ ಇಲ್ಲ ಎಂದು ನಂಬಿ ಕೂತಳು. ನೀಲಮ ಮೊಬೈಲಿನಿಂದ ಕಣ್ಣೆತ್ತದೆ, ಎಲ್ಲಿ ಹೋದಳು ನಮ್ಮ ಸ್ವರಾ, ಹಿಟ್ಟಿನ ಡಬ್ಬಿಯೊಳಗ ಇಲ್ಲ, ಮಂಚದ ಕೆಳಗ ಇಲ್ಲ, ಎಂದು ರಾಗ ಎಳೆದಳು. ಬೇಕಾದಷ್ಟು ಹೊತ್ತು ಮೊಬೈಲು ನೋಡಿ, ಕೊನೆಗೆ “ಸಿಕ್ಕಳು” ಎಂದಳು. ಮಗು ಕೈ ತೆಗೆದು, ಆಗತಾನೇ ಹುಟ್ಟಿ ಬಂದಂತೆ ನಕ್ಕಿತು. “ಸಿಕ್ಕಳು” ಎನ್ನುವತನಕ ಅದು ಇರುತ್ತಿರಲಿಲ್ಲ. ಅಂದ ಮೇಲೆ ಇರುತ್ತಿತ್ತು. ತಾನು ಯಾರಿಗಾದರೂ ಇಷ್ಟು ಅಗತ್ಯವಾಗಿರುವುದು ನೀಲಮಳಿಗೆ ಮೊದಲು ತಮಾಷೆಯೆನಿಸಿತು. ಆಮೇಲೆ ಹೆದರಿಕೆಯಾಯಿತು. ಆಮೇಲೆ ಅದಿಲ್ಲದೆ ದಿನ ಕಳೆಯುವುದು ಅವಳಿಗೇ ಆಗದಾಯಿತು.

ಒಂದೇ ತಪ್ಪೆಂದರೆ ಸ್ವರಾ ಯಾವಾಗಲೂ ಬೆರಳ ಸಂದಿಯಿಂದ ಇಣುಕುತ್ತಿದ್ದಳು.

“ಇಣಕಿದ್ರ ರಾಕ್ಷಸಗ ಕಾಣಸ್ತಿ. ಗಟ್ಟಿ ಮುಚ್ಚಬೇಕು, ಹಿಂಗ,” ಎಂದು ನೀಲಮ ಇವತ್ತು ಬೆಳಿಗ್ಗೆ ಅವಳ ಬೆರಳುಗಳನ್ನು ಒಂದೊಂದಾಗಿ ಜೋಡಿಸಿ ತೋರಿಸಿದಳು. ಯಾಕೆ ತೋರಿಸಿದೆ ಎಂದು ತನ್ನನ್ನೇ ಕೇಳಿಕೊಳ್ಳಲಿಲ್ಲ.

ಒಳಗೆ ಮಂಚದ ಮೇಲೆ ಹಸಿರು ಸೀರೆಯೊಂದು ಮಡಚಿ ಇಟ್ಟಿತ್ತು. ಸಪನಾಳದು. ಇಟ್ಟವಳು ಅಕ್ಕುತಾಯಿ, ಬಾಯಿಬಿಟ್ಟು ಏನೂ ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಜಾವಳದ ಕೂದಲು ನೆಲಕ್ಕೆ ಬೀಳಬಾರದು, ತಾಯಿಯ ಸೆರಗಿನಲ್ಲಿ ಬೀಳಬೇಕು, ಅಲ್ಲಿಂದ ಹೊಳೆಗೆ ಹೋಗಬೇಕು. ಇದು ಅವರ ಮನೆಯ ಪದ್ಧತಿ. ತಾಯಿ ಇಲ್ಲದಿದ್ದರೆ ತಾಯಿಯ ಸ್ಥಾನದಲ್ಲಿ ಇರುವವಳು ಸೆರಗೊಡ್ಡಬೇಕು. ನೀಲಮ ಚೂಡಿದಾರದಲ್ಲೇ ಓಡಾಡುತ್ತಿದ್ದಳು. ಮಂಚದ ಹತ್ತಿರ ಹೋದಾಗಲೆಲ್ಲ ಸೀರೆ ಕಾಣಿಸದವಳಂತೆ ದಾಟಿಬರುತ್ತಿದ್ದಳು.

ಹೋದ ವರ್ಷ ಹಿರಿಯರು ಪಡಸಾಲೆಯಲ್ಲಿ ಕೂತು, ತಂಗಿ ಅದಾಳಲ್ಲ ಎಂದಿದ್ದರು. ಅಕ್ಕನ ಜಾಗಕ್ಕೆ ತಂಗಿ ಹೋಗುವುದು ಈ ಕಡೆ ಹೊಸದಲ್ಲ. ನೀಲಮ ಒಲ್ಲೆ ಎಂದಳು. ಯಾರೂ ಸಿಟ್ಟಾಗಲಿಲ್ಲ, ಚಹಾ ಕುಡಿದು ಎದ್ದರು. ತಾನು ಬದುಕಿನಲ್ಲಿ ಪೂರ್ತಿ ಮಾಡಿದ ಒಂದೇ ವಾಕ್ಯ ಅದು ಎಂದು ಅವಳಿಗೆ ಆಗ ಹೆಮ್ಮೆಯಾಗಿತ್ತು. ಈಗಲೂ ಪಶ್ಚಾತ್ತಾಪವೇನಿಲ್ಲ. ಅವನು ಬೇಡವಾಗಿದ್ದ. ಮಗು ಬೇಕಾಗಿತ್ತು. ಹಾಗೆ ಬಿಡಿಸಿ ಕೊಡುವ ಪದ್ಧತಿ ಮಾತ್ರ ಯಾರ ಮನೆಯಲ್ಲೂ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕಾರು ಬಂತು. ಅಕ್ಕನ ಗಂಡ ಸುರಜ ಮೊದಲು ಇಳಿದ; ನಂತರ ಅವನ ಹೊಸ ಹೆಂಡತಿ ಉಜ್ವಲಾ. ತೀರ ಚಿಕ್ಕವಳು. ಕಾಲಿಗೆ ಸೀರೆ ತೊಡರಿ ಮುಗ್ಗರಿಸುವುದರಲ್ಲಿದ್ದಳು. ದ್ವೇಷಿಸಲು ಅನುಕೂಲವಾದ ಮುಖ ಅಲ್ಲ ಅದು. ನೀಲಮಳಿಗೆ ಅದೂ ಒಂದು ಅನ್ಯಾಯವೆನಿಸಿತು.

“ಆರಾಮ?” ಎಂದ ಸುರಜ.

“ಆರಾಮ, ದಾಜಿ.”

“ಕಾಲೇಜ ಮತ್ತ?”

“ನೋಡಬೇಕ.”

“ಇನ್ನ ನಿನಗ ಟೈಮ್ ಸಿಗತೈತಿ, ಅಲಾ?”

ಅವನು ಪ್ರೀತಿಯಿಂದಲೇ ಹೇಳಿದ. ನೀಲಮ ಹೌದೆಂದು ತಲೆಯಾಡಿಸಿದಳು. ಸ್ವರಾ ಅವಳ ಕಾಲಿನ ಹಿಂದೆ ನಿಂತು ಅಪ್ಪನನ್ನು ಟ್ರ್ಯಾಕ್ಟರಿನಂತೆ ನೋಡಿ, ಟಾಟಾ ಮಾಡಿದಳು. ಎಲ್ಲರೂ ನಕ್ಕರು. ಸುರಜನೂ ನಕ್ಕ, ತುಸು ತಡವಾಗಿ.

ನೀರು ಕೊಡಲು ಅಡಿಗೆಮನೆಗೆ ಹೋದಾಗ ಉಜ್ವಲಾ ಹಿಂದೆಯೇ ಬಂದಳು. ಬಾಗಿಲ ಚೌಕಟ್ಟಿಗೆ ಉಗುರು ಕೆರೆಯುತ್ತ ನಿಂತು ಕೇಳಿದಳು.

“ಅಕ್ಕಾ, ಅತ್ರ ಏನ ಮಾಡಬೇಕ್ರಿ?”

“ಏನೂ ಮಾಡೂದ ಬ್ಯಾಡ. ತಾನಾ ಸುಮ್ಮನಾಗ್ತಾಳ.”

“ಏನರ ಆಟಾ ಗೀಟಾ?”

ನೀಲಮ ಲೋಟ ತೊಳೆದಳು. ತೊಳೆದ ಲೋಟವನ್ನೇ ಮತ್ತೆ ತೊಳೆದಳು.

“ಅಂಥಾದ್ದೇನಿಲ್ಲ.”

“ನನಗ ಕಥಿನೂ ಬರೂದಿಲ್ರಿ,” ಎಂದಳು ಉಜ್ವಲಾ, ತನ್ನ ತಪ್ಪೇ ಎಂಬಂತೆ.

ಅಂಗಳದಲ್ಲಿ ಚಾಪೆ ಹಾಸಿತ್ತು. ಕ್ಷೌರದ ಆಬಾಸಾಹೇಬ ಪೆಟ್ಟಿಗೆ ಬಿಚ್ಚಿ ನೀರು ಕೇಳುತ್ತಿದ್ದ. ನೀಲಮಳ ಅಣ್ಣ ವಿಶ್ವಾಸ ಹೊಸ ಟೊಪ್ಪಿಗೆ ಹಾಕಿಕೊಂಡು, ಸೋದರಮಾವನ ಗತ್ತಿನಲ್ಲಿ ಕೂತು ಸ್ವರಾಳನ್ನು ತೊಡೆಗೆ ಎಳೆದುಕೊಂಡ. ಅಕ್ಕುತಾಯಿ ಆರತಿಯ ತಾಟು ಹಿಡಿದು ಹೊರಬಂದವಳು ನೀಲಮಳ ಚೂಡಿದಾರವನ್ನು ಒಮ್ಮೆ ನೋಡಿದಳು. ಬೈಗುಳವೇನೂ ಇರಲಿಲ್ಲ ಆ ನೋಟದಲ್ಲಿ. ಅದರಿಂದಲೇ ನೀಲಮ ಒಳಗೆ ಓಡಿದಳು.

ಸೀರೆ ಕೈಗೆತ್ತಿಕೊಂಡಳು. ಡಾಂಬರು ಗುಳಿಗೆಯ ವಾಸನೆ. ಒಂದು ಸಲ, ಬರೀ ಒಂದು ಸಲ ಸೆರಗೊಡ್ಡಿದರೆ ಯಾರೇನು ಅಂದುಕೊಳ್ಳುತ್ತಾರೆ? ಅಂದುಕೊಳ್ಳಲಿ. ಮಡಿಕೆ ಬಿಚ್ಚಿ ಒಂದು ಸುತ್ತು ಸುತ್ತಿದಳು. ನೆರಿಗೆ ನಿಲ್ಲಲೊಲ್ಲದು.

ಹೊರಗೆ ಕತ್ತಿ ಮಸೆಯುವ ಸದ್ದಿಗೆ ಸ್ವರಾಳ ದನಿ ಬಿರಿಯಿತು. “ಮಾಶಿ...”

ಅಳುವಿನ ಮೊದಲ ಎಳೆ. ನೀಲಮಳಿಗೆ ಅದರ ಉದ್ದ ಗೊತ್ತಿತ್ತು; ಇನ್ನೊಂದು ಉಸಿರಿಗೆ ಹರಿಯುತ್ತದೆ. ಅಳಿಸುವುದಿಲ್ಲ ಎಂದು ಮಾತು ಕೊಟ್ಟಾಗಿತ್ತು. ಸೀರೆ ಅಲ್ಲೇ ಕಾಲ ಸುತ್ತ ಕುಸಿಯಿತು. ಅದನ್ನು ದಾಟಿ ಅವಳು ಅಂಗಳಕ್ಕೆ ಬಂದಳು.

ಅಷ್ಟರಲ್ಲಿ ಯಾರೋ ಹೇಳಿರಬೇಕು. ಉಜ್ವಲಾ ಮಗುವಿನ ಹಿಂದೆ ಮೊಣಕಾಲೂರಿ, ಮದುವೆಯ ಸೀರೆಯ ಸೆರಗನ್ನು ಎರಡೂ ಕೈಯಲ್ಲಿ ಹರವಿ ಕೂತಿದ್ದಳು.

“ಸ್ವರಾ, ರಾಕ್ಷಸ ಬಂದ,” ಎಂದಳು ನೀಲಮ, ಎದುರಿಗೆ ಕುಕ್ಕರಿಸಿ. “ಗಟ್ಟಿ ಮುಚ್ಚು.”

ಅಂಗೈಗಳು ಕಣ್ಣಿನ ಮೇಲೆ ಬಂದವು. ಸ್ವರಾ ಇಲ್ಲವಾದಳು. ಎಲ್ಲಿ ಹೋದಳು ನಮ್ಮ ಸ್ವರಾ, ಹಿಟ್ಟಿನ ಡಬ್ಬಿಯೊಳಗ ಇಲ್ಲ, ಮಂಚದ ಕೆಳಗ ಇಲ್ಲ. ನೀಲಮ ರಾಗ ಎಳೆಯುತ್ತಲೇ ಇದ್ದಳು. ಸಪನಾ ಎಣ್ಣೆ ಹಚ್ಚಿ ತಟ್ಟಿದ ಕೂದಲು, ತಾನು ಪ್ರತಿದಿನ ಬಾಚಿ ಜುಟ್ಟು ಕಟ್ಟಿದ ಕೂದಲು, ಸದ್ದಿಲ್ಲದೆ ಬೇರೆಯವರ ಸೆರಗಿನಲ್ಲಿ ಬೀಳುತ್ತಿತ್ತು.

“ಭಾಳ ಶಾಣೆ ಅದಾಳ್ರಿ ಬಾಯಿಸಾಹೇಬ,” ಎಂದ ಆಬಾಸಾಹೇಬ. “ದೊಡ್ಡಾಂವ ಇಂವ ವಿಶ್ವಾಸ, ತನ್ನ ಜಾವಳದಾಗ ನನ್ನ ಕೈಯಾ ಕಚ್ಚಿದ್ದ.”

“ಸಿಕ್ಕಳು,” ಎಂದಳು ನೀಲಮ ಕೊನೆಗೆ.

ಕೈ ತೆಗೆದ ಸ್ವರಾಳ ಮುಂದೆ ಆಬಾಸಾಹೇಬ ಕನ್ನಡಿ ಹಿಡಿದ. ಬೋಳುತಲೆಯ ಕೂಸೊಂದು ಅವಳನ್ನು ನೋಡುತ್ತಿತ್ತು. ಸ್ವರಾ ಕನ್ನಡಿಯ ಹಿಂದೆ ಇಣುಕಿದಳು. ಅಲ್ಲಿ ಯಾರೂ ಇರಲಿಲ್ಲ. ನೀಲಮಳತ್ತ ತಿರುಗಿ, “ಸ್ವರಾ ಎಲ್ಲಿ?” ಎಂದು ಕೇಳಿದಳು.

ಎಲ್ಲರೂ ನಕ್ಕರು. ಅಕ್ಕುತಾಯಿ ಬೋಳುತಲೆಗೆ ಅರಿಶಿನ ಹಚ್ಚಿದಳು.

ಊಟದ ವಿಷಯ ಹೇಳುವಂಥದ್ದೇನೂ ಇಲ್ಲ. ಹೋಳಿಗೆ ಮೆತ್ತಗಿತ್ತು ಎಂದರು. ಸಕ್ಕರೆ ಕಾರ್ಖಾನೆ ಶುರುವಾದ ಮೇಲೆ ರಸ್ತೆ ತುಂಬ ಕಬ್ಬಿನ ಗಾಡಿಗಳೇ, ಬೇಗ ಹೊರಡಬೇಕು ಎಂದ ಸುರಜ.

ಕಾರಿನ ಮುಂದಿನ ಸೀಟಿನಲ್ಲಿ ಉಜ್ವಲಾ ಕೂತಳು. ನೀಲಮ ಸ್ವರಾಳನ್ನು ಎತ್ತಿಕೊಂಡು ಹೊಸ್ತಿಲು ದಾಟಿದಳು. ಮಗು ಅವಳ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದಿತ್ತು. ಕಾರು ಕಂಡದ್ದೇ ಆ ಮುಷ್ಟಿ ಬಿಗಿಯಾಯಿತು, ಕೆಳತುಟಿ ಹೊರಬಂತು.

ಬಾಗಿಲಲ್ಲಿ ಅಕ್ಕುತಾಯಿ ನಿಂತಿದ್ದಳು.

“ರಾಕ್ಷಸ ಬಂದ,” ಎಂದಳು ನೀಲಮ ಮಗುವಿನ ಕಿವಿಯಲ್ಲಿ.

ಮುಷ್ಟಿ ಅಂಗಿಯನ್ನು ಬಿಟ್ಟಿತು. ಅಂಗೈಗಳು ಕಣ್ಣಿಗೆ ಹೋದವು. ಕಣ್ಣು ಮುಚ್ಚಿದ ಮಗುವನ್ನು ಅವಳು ಕಿಟಕಿಯಿಂದ ಉಜ್ವಲಾಳ ತೊಡೆಗೆ ದಾಟಿಸಿದಳು. ಹಗುರವಾಗಿತ್ತು. ಕೂದಲು ಹೋದದ್ದಕ್ಕಿರಬೇಕು ಎಂದು ಅವಳ ತಲೆ ತನ್ನಷ್ಟಕ್ಕೆ ಲೆಕ್ಕ ಹಾಕಿತು.

ಸುರಜ ಗಾಡಿ ಶುರುಮಾಡಿದ. ಆದರೆ ಹೊರಡಲಾಗಲಿಲ್ಲ. ರಸ್ತೆಯಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರೊಂದು ಎರಡು ಟ್ರಾಲಿ ಎಳೆದುಕೊಂಡು ಬರುತ್ತಿತ್ತು, ಅದರ ಹಿಂದೆ ಇನ್ನೊಂದು. ಕಾದರು. ಕಿಟಕಿ ತೆರೆದೇ ಇತ್ತು. ಒಂದು ಮೊಳ ದೂರದಲ್ಲಿ ಅರಿಶಿನ ಹಚ್ಚಿದ ಬೋಳುತಲೆ, ಅದರ ಕೆಳಗೆ ಎರಡು ಅಂಗೈಗಳು.

ಒಂದು ಪದ. ಅದನ್ನು ಅಂದುಬಿಟ್ಟರೆ ಮಗು ಕೈ ತೆಗೆದು ನಗುತ್ತದೆ. ಆಮೇಲೆ ಯಾರ ತೊಡೆಯ ಮೇಲಿದ್ದೇನೆಂದು ನೋಡುತ್ತದೆ. ಆಮೇಲೆ ದಸರೆಯ ಹಾಗೇ ಗಾಡಿ ಚಿಕ್ಕೋಡಿಯಿಂದ ತಿರುಗಿ ಬರುತ್ತದೆ. ಇದು ಬಹಳ ಸರಳವಾದ ಲೆಕ್ಕ. ನಾಲಿಗೆಯ ತುದಿಯಲ್ಲಿ ಉತ್ತರವೂ ಇತ್ತು. ನೀಲಮ ಓಢಣಿಯ ತುದಿಯನ್ನು ಬಾಯಲ್ಲಿ ತುರುಕಿಕೊಂಡು ಕಚ್ಚಿದಳು.

ಸ್ವರಾ ಇವತ್ತು ಇಣುಕಲಿಲ್ಲ. ಬೆಳಿಗ್ಗೆ ಕಲಿಸಿದ ಹಾಗೆ ಬೆರಳುಗಳನ್ನು ಒಂದಕ್ಕೊಂದು ಒತ್ತಿ ಹಿಡಿದಿದ್ದಳು. ಎಲ್ಲಿ ಹೋದಳು ಎಂಬ ರಾಗವೂ ಕೇಳಿಸದ್ದಕ್ಕೆ, ರಾಕ್ಷಸ ಇನ್ನೂ ಹತ್ತಿರದಲ್ಲೇ ಇದ್ದಾನೆಂದು ತಿಳಿದು, ಉಸಿರು ಬಿಗಿಹಿಡಿದಿದ್ದಳು.

“ನಿದ್ದಿ ಬಂದೈತಿ ಪಾಪ,” ಎಂದಳು ಉಜ್ವಲಾ. ಬಿಸಿಲು ಬೀಳದಿರಲೆಂದು ಸೆರಗನ್ನು ಮಗುವಿನ ಮುಖದ ಮೇಲೆ ಎಳೆದಳು. ಸೆರಗಿಗೆ ಒಂದೆರಡು ಕೂದಲೆಳೆ ಇನ್ನೂ ಅಂಟಿಕೊಂಡಿದ್ದವು.

ಎರಡನೆಯ ಟ್ರ್ಯಾಕ್ಟರೂ ದಾಟಿತು. ಕಾರು ಹೊರಟಿತು.

“ಅಳಲಿಲ್ಲ ನೋಡ,” ಎಂದಳು ಬಾಗಿಲಿನಿಂದ ಅಕ್ಕುತಾಯಿ.

ನೀಲಮ ಬಾಯಿಂದ ಓಢಣಿ ತೆಗೆಯಲಿಲ್ಲ. ಕಬ್ಬಿನ ರವದಿ ಚೆಲ್ಲಿದ ರಸ್ತೆಯ ಮೇಲೆ ಕಾರು ಚಿಕ್ಕದಾಗುತ್ತ ಹೋಯಿತು. ಅದರೊಳಗೆ, ಸೆರಗಿನ ಕೆಳಗೆ, ಎರಡು ಅಂಗೈಗಳ ಹಿಂದೆ, ಯಾರಿಗೂ ಕಾಣದ ಹುಡುಗಿಯೊಬ್ಬಳು ಕೂತಿದ್ದಳು, ಕೂತೇ ಇದ್ದಳು.