ಫೋಟೋಕ್ಕೆ ಬೇಕಾದ ಕಸ

"ಏಯ್, ಯಾರಬೇ ನಿನಗ ಇದನ್ನ ಹೊಡಿ ಅಂದೋರು? ಆ ಕಸಕ್ಕಂತಾನೇ ಹೈದರಾಬಾದಿಂದ ಬಂದೀವಿ!"

ಮೂವತ್ತು ವರ್ಷದಿಂದ ಆದೋನಿಯ ಬೀದಿಗಳಲ್ಲಿ ಕಸ ಹೊಡೆಯುತ್ತಿದ್ದೇನೆ. ಹೊಡೆದಿಲ್ಲವೆಂದು ಬೈದವರು ಉಂಟು. ಹೊಡೆದದ್ದಕ್ಕೆ ಬೈಸಿಕೊಂಡದ್ದು ಅವತ್ತೇ ಮೊದಲು. ಬೈದವನು ಫೋಟೋಗ್ರಾಫರ್ ವಾದೀಂದ್ರ. ಇಲ್ಲಿಯವನೇ, ಹೈದರಾಬಾದಿಗೆ ಹೋಗಿ ದೊಡ್ಡವನಾದವ. ಫ್ಯಾಷನ್ ಬಟ್ಟೆಯ ಫೋಟೋ ತೆಗೆಯುವುದು ಅವನ ಕಸುಬು. ಹತ್ತಿ ಮಾರ್ಕೆಟ್ಟಿನ ಹಿಂದಿನ ನಮ್ಮ ಗಲ್ಲಿ ಹೊಲಸಾಗಿದೆಯೆಂದೇ ಅವನಿಗೆ ಹಿಡಿಸಿತ್ತಂತೆ.

ಅವನ ಆಳುಗಳಿಬ್ಬರು ನನ್ನ ತಳ್ಳುಬಂಡಿಯನ್ನು ಮಗುಚಿ ಬೆಳಗಿನ ಕಸವನ್ನೆಲ್ಲ ಗಲ್ಲಿಗೇ ಸುರಿದರು. ಕೊಳೆತ ಟೊಮೇಟೊ ಅಲ್ಲಿ, ಎಂಜಲೆಲೆ ಇಲ್ಲಿ ಎಂದು ರಂಗೋಲಿ ಹಾಕುವಂತೆ ಜೋಡಿಸಿದರು. ನಡುವೆ ಕುರ್ಚಿ. ಅದರ ಮೇಲೆ, ಬೇಕೆಂದೇ ಹರಿದ ಬಟ್ಟೆ ತೊಟ್ಟ ಹುಡುಗಿ. ಅವಳ ಕೈಗೆ ನನ್ನ ಕಸಬರಿಗೆ.

"ನಾನೂ ಬಾಜೂಕ ನಿಲ್ಲಬೇಕೇನ್ರಿ?"

"ನೀ ಬ್ಯಾಡ. ದೂರ ಸರಿ, ಫೋಟೋ ಕೆಡ್ತೈತಿ."

ಸರಿದೆ. ಮೊಬೈಲಿನಲ್ಲಿ ಹೊತ್ತು ನೋಡಿದೆ. ಎಂಟು ಗಂಟೆಯೊಳಗೆ ಸ್ವಚ್ಛ ಗಲ್ಲಿಯ ಫೋಟೋವನ್ನು ಮೊಬೈಲಿನಲ್ಲಿ ಕಳಿಸಿದರೇ ನಮಗೆ ಹಾಜರಿ. ತಿಂಗಳಿಗೆ ಮೂರು ಗೈರಾದರೆ ಕೆಲಸದಿಂದ ತೆಗೆಯುತ್ತಾರೆ. ಜ್ವರ ಬಂದು ನನಗೆ ಆಗಲೇ ಎರಡಾಗಿದ್ದವು.

ನಮ್ಮ ಹಾಜರಿ ನೋಡುವ ಮೇಸ್ತ್ರಿ ಜಂಬುನಾಥ ಬೈಕಿನಲ್ಲಿ ಬಂದ. ಬಂದವನೇ ವಾದೀಂದ್ರನಿಗೆ ಕೈಮುಗಿದ.

"ಉಚ್ಚಮ್ಮಾ, ಸಾರು ದೊಡ್ಡೋರು. ಹತ್ತರ ತನಕ ಸುಮ್ನ ಕುಂದ್ರು."

"ನನ್ನ ಹಾಜರಿ?"

"ಕಸ ಕಂಡ್ರ ಗೈರು. ರೂಲ್ಸು ನಾ ಮಾಡೀನೇನಬೇ, ಮುಂಡೆ?"

ಏಳೂ ನಲವತ್ತಾಗಿತ್ತು. ಹುಡುಗಿಯ ಕೈಯಿಂದ ಕಸಬರಿಗೆ ತೆಗೆದುಕೊಂಡೆ. ಪಾಪ, ಅವಳೇ ಕುರ್ಚಿ ಎತ್ತಿಕೊಂಡು ದಾರಿ ಬಿಟ್ಟಳು. ಈ ತುದಿಯಿಂದ ಆ ತುದಿಯವರೆಗೆ ಹೊಡೆದೆ. ವಾದೀಂದ್ರ ಧೂಳಿಗೆ ಕ್ಯಾಮೆರಾ ಮುಚ್ಚಿಕೊಂಡು ತೆಲುಗಿನಲ್ಲಿ ಬೈದ, ಇಂಗ್ಲಿಷಿನಲ್ಲಿ ಬೈದ. ಇಂಗ್ಲಿಷು ನನಗೆ ಬಾರದು, ಹಾಗಾಗಿ ಅರ್ಧವೇ ತಾಗಿತು.

ಬಂಡಿ ತುಂಬಿತು. ಅವನ ಕಾರಿನ ಡಿಕ್ಕಿ ತೆರೆದೇ ಇತ್ತು. ಒಳಗೆ ಇಸ್ತ್ರಿ ಮಾಡಿದ ಬಟ್ಟೆಗಳು. ಬಂಡಿಯನ್ನು ಅದರೊಳಕ್ಕೇ ಮಗುಚಿದೆ.

"ಏ, ಏ! ಹುಚ್ಚು ಹಿಡೀತೇನು?" ವಾದೀಂದ್ರ ಚೀರಿದ.

"ನಿಮಗ ಬೇಕಾಗೈತಲ್ರಿ. ಒಯ್ರಿ."

"ಮುಗೀತು ನಿನ್ನ ಕೆಲಸ!" ಜಂಬುನಾಥ ಓಡಿ ಬಂದ.

"ಮುಗದ್ರ ನಾಳಿಗಿ ಮುಗೀಲಿ. ಇವತ್ತಿಂದು ನಾ ಮಾಡೀನಿ."

ಮೊಬೈಲು ಎತ್ತಿ ಗಲ್ಲಿಯ ಫೋಟೋ ತೆಗೆದು ಕಳಿಸಿದೆ. ಏಳೂ ಐವತ್ತೆಂಟು.